ಮೇಯರ್ ಕುರ್ಚಿ, ಸಾಲದ ಅಧಿಕಾರ: ಪ್ಲೇಗಿನಿಂದ ಕೋವಿಡ್‌ವರೆಗೆ ಬೆಂಗಳೂರು

ಇವತ್ತಿನ ಸಂಚಿಕೆ ಶುರು ಮಾಡೋ ಮೊದಲು ಒಂದು ಸಣ್ಣ ಪ್ರಶ್ನೆ. ಫೋನ್ ನೋಡದೆ, ಗೂಗಲ್ ಮಾಡದೆ ಹೇಳಿ: ಬೆಂಗಳೂರಿನ ಯಾವುದಾದರೂ ಒಬ್ಬ ಮೇಯರ್ ಹೆಸರು ನೆನಪಿದೆಯಾ?

ಮುಖ್ಯಮಂತ್ರಿಗಳ ಹೆಸರು ಸಾಲಾಗಿ ಹೇಳ್ತೀರಿ. ನಿಮ್ಮ ಎಂಎಲ್ಎ ಯಾರು ಅಂತಾನೂ ಗೊತ್ತು. ಮೇಯರ್ ಅಂದ ತಕ್ಷಣ ತಲೆ ಕೆರೆದುಕೊಳ್ಳೋ ಹಾಗಾಗುತ್ತೆ. ಅದು ನಿಮ್ಮ ತಪ್ಪಲ್ಲ. 2010ರಿಂದ 2020ರವರೆಗೆ, ಹತ್ತು ವರ್ಷದಲ್ಲಿ ಬೆಂಗಳೂರಿಗೆ ಹತ್ತು ಜನ ಮೇಯರ್ ಬಂದು ಹೋದರು. ತಲಾ ಒಂದು ವರ್ಷ. ಹೆಸರು ಬಾಯಿಗೆ ಬರೋ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು. 2020ರ ಸೆಪ್ಟೆಂಬರ್ ಆದ ಮೇಲೆ ಮೇಯರೇ ಇಲ್ಲ.

ಇನ್ನೊಂದು ಲೆಕ್ಕ ನೋಡಿ. ನಾವು ಈ ಸಂಚಿಕೆ ರೆಕಾರ್ಡ್ ಮಾಡ್ತಿರೋದು 2025ರ ಕೊನೆಯಲ್ಲಿ. ಬೆಂಗಳೂರಲ್ಲಿ ಕೊನೆಯ ಸಲ ಪಾಲಿಕೆ ಚುನಾವಣೆ ನಡೆದದ್ದು 2015ರ ಆಗಸ್ಟ್‌ನಲ್ಲಿ. ಅಂದ್ರೆ ಇದನ್ನ ಕೇಳ್ತಿರೋ ನಿಮಗೆ 27 ವರ್ಷವೋ ಅದಕ್ಕಿಂತ ಕಡಿಮೆಯೋ ಆಗಿದ್ದು, ನೀವು ಹುಟ್ಟಿ ಬೆಳೆದದ್ದು ಇದೇ ಊರಲ್ಲಾದರೆ, ನೀವು ಜೀವನದಲ್ಲಿ ಒಮ್ಮೆಯೂ ಕಾರ್ಪೊರೇಟರ್‌ಗೆ ವೋಟು ಹಾಕಿಲ್ಲ. ಲೋಕಸಭೆಗೆ ಹಾಕಿರ್ತೀರಿ, ವಿಧಾನಸಭೆಗೆ ಹಾಕಿರ್ತೀರಿ. ನಿಮ್ಮ ಬೀದಿ ದೀಪಕ್ಕೆ ಯಾರು ಹೊಣೆ ಅಂತ ತೀರ್ಮಾನಿಸೋ ವೋಟು ಮಾತ್ರ ನಿಮ್ಮ ಕೈಗೆ ಬಂದೇ ಇಲ್ಲ.

ಹಾಗಾದ್ರೆ ಈ ಊರು ನಡೆದದ್ದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ. ಬೆಂಗಳೂರಿನ ಸ್ಥಳೀಯ ಆಡಳಿತಕ್ಕೆ ಯಾವ ಕಾಲದಲ್ಲೂ ಪೂರ್ತಿ ಅಧಿಕಾರ ಇರಲಿಲ್ಲ. ಮಹಾರಾಜರ ಕಾಲದಲ್ಲಿ ಇರಲಿಲ್ಲ, ಬ್ರಿಟಿಷರ ಕಾಲದಲ್ಲಿ ಇರಲಿಲ್ಲ, ಸ್ವಾತಂತ್ರ್ಯ ಬಂದ ಮೇಲೂ ಸಿಗಲಿಲ್ಲ. ಕೆಲಸ ಆಗಿದ್ದೆಲ್ಲ ಇನ್ನೊಬ್ಬರ ಅಧಿಕಾರವನ್ನ ಸಾಲ ತಂದು, ನಾಲ್ಕಾರು ಕೈ ಸೇರಿಸಿ. ಸಾಲ ತಂದದ್ದರಲ್ಲಿ ಏನು ಉಳಿಯಿತು, ಏನು ವಾಪಸ್ ಹೋಯಿತು ಅನ್ನೋದೇ ಈ ಕಥೆ.

ಮೊದಲು 1862ಕ್ಕೆ ಹೋಗೋಣ. ಆಗ ಬೆಂಗಳೂರು ಅಂದ್ರೆ ಒಂದು ಊರಲ್ಲ, ಎರಡು. ಒಂದು ಕಡೆ ಕೆಂಪೇಗೌಡರ ಕಾಲದಿಂದ ಬಂದ ಪೇಟೆ: ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ. ಇನ್ನೊಂದು ಕಡೆ 1809ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ಹುಟ್ಟಿದ ದಂಡು, ಅಂದ್ರೆ ಕಂಟೋನ್ಮೆಂಟ್. 1862ರ ಮಾರ್ಚ್ 27ರಂದು ಪೇಟೆಗೆ ಒಂದು ಪುರಸಭಾ ಮಂಡಳಿ ಬಂತು. ಊರಿನ ಒಂಬತ್ತು ಜನ ಗಣ್ಯರು ಅದರ ಸದಸ್ಯರು. ದಂಡಿಗೂ ಅಂಥದ್ದೇ ಇನ್ನೊಂದು ಮಂಡಳಿ.

1881ರಲ್ಲಿ ಮೈಸೂರು ರಾಜ್ಯವನ್ನು ಬ್ರಿಟಿಷರು ಒಡೆಯರ್ ಮನೆತನಕ್ಕೆ ವಾಪಸ್ ಕೊಟ್ಟರು. ದಂಡು ಪ್ರದೇಶವನ್ನ ಮಾತ್ರ ತಮ್ಮ ಹತ್ತಿರ ಇಟ್ಟುಕೊಂಡರು. ಅದಕ್ಕೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರಾಯಿತು. ಅಲ್ಲಿನ ಪೊಲೀಸ್ ಬೇರೆ, ಕೋರ್ಟ್ ಬೇರೆ, ಆಡಳಿತ ರೆಸಿಡೆಂಟ್ ಕೈಯಲ್ಲಿ. ಕಬ್ಬನ್ ಪಾರ್ಕ್ ಈ ಕಡೆಯಿಂದ ಆ ಕಡೆಗೆ ನಡೆದು ಹೋದ್ರೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಹೋದ ಹಾಗೆ. ಮರುವರ್ಷ ಪುರಸಭೆಯ ಅರ್ಧದಷ್ಟು ಸದಸ್ಯರನ್ನ ಚುನಾವಣೆಯಿಂದ ಆರಿಸಬಹುದು ಅಂತಾಯಿತು. ಯಾರು ವೋಟು ಹಾಕಬಹುದಿತ್ತು ಅಂದ್ರೆ ತೆರಿಗೆ ಕಟ್ಟೋ ಸ್ಥಿತಿವಂತರು. ಎಲ್ಲರಿಗೂ ಮತ ಅನ್ನೋ ಕಾಲ ಇನ್ನೂ ದೂರ ಇತ್ತು. ಆದರೂ ಒಂದು ಬಾಗಿಲು ಸ್ವಲ್ಪ ತೆರೆದಿತ್ತು.

ಆಗ ಬಂತು ಪ್ಲೇಗು.

1896ರಲ್ಲಿ ಬಾಂಬೆಗೆ ಬಂದಿದ್ದ ರೋಗ ರೈಲು ಹತ್ತಿ ಹುಬ್ಬಳ್ಳಿ ಕಡೆಯಿಂದ 1898ರ ಆಗಸ್ಟ್‌ನಲ್ಲಿ ಬೆಂಗಳೂರು ಮುಟ್ಟಿತು. ರೋಗಕ್ಕೆ ಕಬ್ಬನ್ ಪಾರ್ಕಿನ ಗಡಿ ಗೊತ್ತಾಗುತ್ತಾ? ಪೇಟೆಯಲ್ಲೂ ಸಾವು, ದಂಡಿನಲ್ಲೂ ಸಾವು. ಪುರಸಭೆ ಕೈಯಲ್ಲಿ ಇದ್ದದ್ದು ಕಸ ಗುಡಿಸೋದು, ಚರಂಡಿ, ಒಂದಷ್ಟು ತೆರಿಗೆ. ರೈಲು ನಿಲ್ಲಿಸೋ ಅಧಿಕಾರ ಇಲ್ಲ. ದಂಡಿನವರಿಗೆ ಹೀಗೆ ಮಾಡಿ ಅಂತ ಹೇಳೋ ಅಧಿಕಾರ ಇಲ್ಲ. ಹೊಸ ಬಡಾವಣೆಗೆ ಜಮೀನು ತೆಗೆದುಕೊಳ್ಳೋದು ದರ್ಬಾರಿನ ಕೆಲಸ. ಹಾಗಾಗಿ ಮೈಸೂರು ಸರ್ಕಾರ ವಿ.ಪಿ. ಮಾಧವರಾವ್ ಅವರನ್ನ ಪ್ಲೇಗ್ ಕಮಿಷನರ್ ಅಂತ ನೇಮಿಸಿತು. ಇವರೇ ಮುಂದೆ ಮೈಸೂರಿನ ದಿವಾನರೂ ಆದರು.

ಮುಂದಿನದ್ದು ಸುಲಭ ಇರಲಿಲ್ಲ. ರೋಗಿಗಳನ್ನ ಊರ ಹೊರಗಿನ ಶಿಬಿರಕ್ಕೆ ಸಾಗಿಸಬೇಕು. ಮನೆ ಖಾಲಿ ಮಾಡಿಸಿ ಔಷಧಿ ಹೊಡೆಯಬೇಕು. ಜನ ಹೆದರಿ ರೋಗಿಗಳನ್ನ ಬಚ್ಚಿಡೋರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಪ್ಲೇಗ್ ನಿಯಮಗಳ ವಿರುದ್ಧ ಗಲಭೆಯೇ ಆಯಿತು. ಕಮಿಷನರ್ ಕೈಯಲ್ಲಿ ಎಷ್ಟೇ ಅಧಿಕಾರ ಇರಲಿ, ಮನೆಯ ಹೆಂಗಸರಿಗೆ, ಹಿರಿಯರಿಗೆ "ಬಾಗಿಲು ತೆಗೀರಿ" ಅಂತ ಒಪ್ಪಿಸೋದು ಬೀದಿಯಲ್ಲಿ ಮುಖಪರಿಚಯ ಇರೋ ಜನರಿಂದಲೇ ಆಗಬೇಕು. ಪೊಲೀಸ್ ಬಾಗಿಲು ಒಡೆಯಬಹುದು, ಒಪ್ಪಿಗೆ ತರೋಕೆ ಆಗಲ್ಲ. ಪ್ಲೇಗ್ ಕೆಲಸಕ್ಕೆ ಬೇರೆಬೇರೆ ಕಡೆಯವರು ಮಾತಾಡಿಕೊಳ್ಳಲಿ ಅಂತ ಊರಿಗೆ ಟೆಲಿಫೋನ್ ತಂತಿ ಎಳೆದದ್ದೂ ಆಗಲೇ. ಇವತ್ತಿನ ವಾಟ್ಸ್ಆ್ಯಪ್ ಗ್ರೂಪಿನ ಮುತ್ತಜ್ಜ ಅಂತ ಬೇಕಾದ್ರೆ ಅಂದುಕೊಳ್ಳಿ.

ನಷ್ಟ ಎಷ್ಟು ಅಂದ್ರೆ, 1891ರ ಜನಗಣತಿಯಲ್ಲಿ ಪೇಟೆ ಕಡೆಯ ಜನಸಂಖ್ಯೆ ಸುಮಾರು 80 ಸಾವಿರ ಇತ್ತು. 1901ರಲ್ಲಿ 70 ಸಾವಿರಕ್ಕೂ ಸ್ವಲ್ಪ ಕಡಿಮೆ. ಸತ್ತವರು ಎಷ್ಟೋ, ಊರು ಬಿಟ್ಟವರು ಎಷ್ಟೋ. ನಗರದ ಹಲವು ಕಡೆ ಇವತ್ತಿಗೂ ಪ್ಲೇಗಮ್ಮನ ಗುಡಿಗಳಿವೆ.

ಉಳಿದದ್ದು ಏನು? ಮಲ್ಲೇಶ್ವರ, ಬಸವನಗುಡಿ. ಎರಡರ ಯೋಜನೆ ಪ್ಲೇಗಿಗಿಂತ ಮುಂಚೆಯೇ ಶುರುವಾಗಿತ್ತು, ಆದರೆ ಜನ ಓಡೋಡಿ ಹೋಗಿ ಮನೆ ಕಟ್ಟಿದ್ದು ರೋಗ ಬಂದ ಮೇಲೆ. ಅಗಲ ರಸ್ತೆ, ಗಾಳಿ ಆಡೋಕೆ ಜಾಗ, ಮನೆಗಳ ಹಿಂದೆ ಸಣ್ಣ ಓಣಿ. ಮಲ್ಲೇಶ್ವರದಲ್ಲಿ ಓಡಾಡಿದವರು ನೋಡಿರ್ತೀರಿ, ಅದನ್ನ ಕನ್ಸರ್ವೆನ್ಸಿ ಅಂತಲೇ ಕರೀತಾರೆ. ಪಾಯಿಖಾನೆಯ ಮಲವನ್ನು ಎದುರು ಬೀದಿಗೆ ತರದೆ ಹಿಂದಿನಿಂದಲೇ ಸಾಗಿಸೋಕೆ ಮಾಡಿದ ದಾರಿ ಅದು. ಯಾರು ಹೊರುತ್ತಿದ್ರು ಅಂತ ಹೇಳಬೇಕಿಲ್ಲ. ಬಡಾವಣೆಯ ಬ್ಲಾಕುಗಳ ಹಂಚಿಕೆಯಲ್ಲೂ ಜಾತಿಯ ಲೆಕ್ಕ ಇತ್ತು. ಪ್ಲೇಗು ಒಳ್ಳೆಯ ಬಡಾವಣೆ ಕೊಟ್ಟಿತು ಅನ್ನೋ ಮಾತಿನ ಜೊತೆಗೆ ಇದನ್ನೂ ನೆನಪಿಟ್ಟುಕೊಳ್ಳಬೇಕು. ದಂಡಿನ ಕಡೆಯೂ ಕೆಲವು ವರ್ಷದ ಮೇಲೆ ಇಲಿ ನುಗ್ಗದ ಹಾಗೆ ಕಟ್ಟಿದ ಮನೆಗಳ ಬಡಾವಣೆ ಎದ್ದಿತು. ಅದು ಫ್ರೇಜರ್ ಟೌನ್.

ಅಧಿಕಾರ ಮೂರ್ನಾಲ್ಕು ಕಡೆ ಚೆದುರಿತ್ತು, ಆದರೂ ಎಲ್ಲರೂ ಒಂದೇ ಕೆಲಸಕ್ಕೆ ಇಳಿದರು. ರೋಗ ಇಳಿದ ಮೇಲೆ ಕಮಿಷನರ್ ಹುದ್ದೆ ಹೋಯಿತು, ರಸ್ತೆ ಮತ್ತು ಓಣಿ ಉಳಿಯಿತು.

ಈಗ 1949ಕ್ಕೆ ಬರೋಣ. ಸ್ವಾತಂತ್ರ್ಯ ಬರೋದಕ್ಕೆ ಕೆಲವೇ ದಿನ ಮೊದಲು, 1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ವಾಪಸ್ ಬಂತು. 1949ರ ಡಿಸೆಂಬರ್ 8ರಂದು ಎರಡೂ ಪುರಸಭೆ ಸೇರಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಆರ್. ಸುಬ್ಬಣ್ಣ ಮೊದಲ ಮೇಯರ್. ಕೊನೆಗೂ ಒಂದು ಊರು, ಒಂದು ಸಭೆ, ಒಬ್ಬ ಮೇಯರ್!

ಆದ್ರೆ ಕೆಲಸ ಮಾಡಿಸೋ ಅಧಿಕಾರ ಮೇಯರ್ ಹತ್ತಿರ ಇರಲಿಲ್ಲ. ಅದು ಕಮಿಷನರ್ ಹತ್ತಿರ. ಕಮಿಷನರನ್ನ ನೇಮಿಸೋದು ರಾಜ್ಯ ಸರ್ಕಾರ. ಈ ಏರ್ಪಾಡು ಎಲ್ಲಿಂದ ಬಂತು ಗೊತ್ತಾ? ಬಾಂಬೆಯಿಂದ. ಅಲ್ಲಿ 1865ರ ಕಾನೂನು ಆರ್ಥರ್ ಕ್ರಾಫರ್ಡ್ ಅನ್ನೋ ಕಮಿಷನರ್ ಕೈಗೆ ಹೆಚ್ಚು ಕಡಿಮೆ ಎಲ್ಲ ಅಧಿಕಾರ ಕೊಟ್ಟಿತ್ತು. ಕ್ರಾಫರ್ಡ್ ಮಾರ್ಕೆಟ್ ಹೆಸರು ಕೇಳಿದೀರಲ್ಲ, ಅವನೇ. ಊರನ್ನ ಚೊಕ್ಕ ಮಾಡಿದ, ಜೊತೆಗೆ ದುಡ್ಡನ್ನ ನೀರಿನಂತೆ ಖರ್ಚು ಮಾಡಿದ. 1871ರಲ್ಲಿ ತೆರಿಗೆ ಕಟ್ಟೋರು ಸಿಟ್ಟೆದ್ದರು. ಆಗ ಫಿರೋಜ್‌ಷಾ ಮೆಹ್ತಾ ಅನ್ನೋ ಯುವ ವಕೀಲ ಒಂದು ವಾದ ಮುಂದಿಟ್ಟರು. ಕೆಲಸ ಮಾಡಿಸೋಕೆ ಒಬ್ಬ ಗಟ್ಟಿ ಅಧಿಕಾರಿ ಇರಲಿ, ಆದರೆ ಅವನ ಲೆಕ್ಕ ಕೇಳೋಕೆ ಜನ ಆರಿಸಿದ ಸಭೆ ಇರಲಿ ಅನ್ನೋದು ಅದರ ತಿರುಳು. 1888ರ ಬಾಂಬೆ ಕಾನೂನಿನಲ್ಲಿ ಆ ಅಚ್ಚು ಗಟ್ಟಿಯಾಯಿತು. ಭಾರತದ ಬಹಳಷ್ಟು ನಗರಗಳು ಅದೇ ಅಚ್ಚಿನಲ್ಲಿ ತಯಾರಾದವು.

ಆ ವಾದದ ಎರಡನೇ ಅರ್ಧ, ಅಂದ್ರೆ ಲೆಕ್ಕ ಕೇಳೋ ಸಭೆ, ಗಟ್ಟಿಯಾಗಿದ್ರೆ ಈ ಏರ್ಪಾಡು ಕೆಟ್ಟದ್ದೇನಲ್ಲ ಅಂತ ನನ್ನ ಅನಿಸಿಕೆ. ಬೆಂಗಳೂರಲ್ಲಿ ಆಗಿದ್ದು ಆ ಅರ್ಧವನ್ನೇ ಸ್ವಲ್ಪ ಸ್ವಲ್ಪವಾಗಿ ಕೊರೆದು ತೆಗೆದದ್ದು.

ಹೊಸ ಬಡಾವಣೆ ಮಾಡೋ ಕೆಲಸ 1945ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕೈಗೆ ಹೋಗಿತ್ತು. 1964ರಲ್ಲಿ ನೀರು ಮತ್ತು ಒಳಚರಂಡಿ ಹೋಯಿತು, ಜಲಮಂಡಳಿ ಬಂತು. ನ್ಯಾಯವಾಗಿ ಹೇಳಬೇಕಂದ್ರೆ ಅದಕ್ಕೆ ಕಾರಣ ಇತ್ತು. ಹೆಸರಘಟ್ಟ, ತಿಪ್ಪಗೊಂಡನಹಳ್ಳಿ ಸಾಲದೆ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯಿಂದ ನೀರನ್ನ ಬೆಟ್ಟ ಹತ್ತಿಸಿದ ಹಾಗೆ ಮೇಲೆತ್ತಿ ತರಬೇಕಿತ್ತು. ಪಾಲಿಕೆಯ ಜೇಬಿಗೆ, ತಾಂತ್ರಿಕ ಶಕ್ತಿಗೆ ಮೀರಿದ ಕೆಲಸ ಅದು. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬಂತು. 1976ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಜಾಗಕ್ಕೆ ಬಿಡಿಎ ಬಂತು, ನಗರ ಯೋಜನೆಯೂ ಅದರ ಪಾಲಾಯಿತು. 1997ರಲ್ಲಿ ಬಿಎಂಟಿಸಿ, 2002ರಲ್ಲಿ ಬೆಸ್ಕಾಂ, ಆಮೇಲೆ ಮೆಟ್ರೋ ನಿಗಮ. ಪೊಲೀಸ್, ಅಗ್ನಿಶಾಮಕ ಮೊದಲಿಂದಲೂ ರಾಜ್ಯದ್ದೇ.

ಇವು ಯಾವುವೂ ಮೇಯರ್ ಮಾತು ಕೇಳಬೇಕಿಲ್ಲ. ಬಿಡಿಎ ಬಡಾವಣೆ ಮಾಡಿ ಸೈಟು ಹಂಚುತ್ತೆ, ವರ್ಷಗಳಾದ ಮೇಲೆ ರಸ್ತೆ, ಚರಂಡಿ ಪಾಲಿಕೆಗೆ ಒಪ್ಪಿಸುತ್ತೆ. ಒಪ್ಪಿಸೋವರೆಗೆ ನೀವು ಪಾಲಿಕೆಗೆ ದೂರು ಕೊಟ್ರೆ "ಇನ್ನೂ ಹ್ಯಾಂಡ್‌ಓವರ್ ಆಗಿಲ್ಲ" ಅನ್ನೋ ಉತ್ತರ ಬರುತ್ತೆ. ಒಪ್ಪಿಸಿದ ಮೇಲೆ ಜಲಮಂಡಳಿ ಬಂದು ಅದೇ ರಸ್ತೆ ಅಗೆಯುತ್ತೆ. ಈ ಅನುಭವ ಇಲ್ಲದ ಬೆಂಗಳೂರಿಗರು ಯಾರಾದ್ರೂ ಇದ್ರೆ ಅವರು ಪುಣ್ಯವಂತರು.

1993ರ ಜೂನ್ 1ರಂದು ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ನಗರ ಪಾಲಿಕೆಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. ಮಹಿಳೆಯರಿಗೆ ಮೂರನೇ ಒಂದರಷ್ಟು ಮೀಸಲಾತಿ ಬಂತು, ಇದು ದೊಡ್ಡ ಹೆಜ್ಜೆ. 12ನೇ ಅನುಸೂಚಿ ಅಂತ 18 ಕೆಲಸಗಳ ಪಟ್ಟಿ ಸೇರಿತು: ನಗರ ಯೋಜನೆ, ನೀರು, ಅಗ್ನಿಶಾಮಕ, ಉದ್ಯಾನ, ಸ್ಮಶಾನ, ಬೀದಿ ದೀಪ. ಪಟ್ಟಿ ಓದಿದರೆ ನಗರ ಸರ್ಕಾರ ಅನ್ನೋದು ಇನ್ನೇನು ಬಂದೇಬಿಡ್ತು ಅನಿಸುತ್ತೆ. ಆದ್ರೆ 243ಡಬ್ಲ್ಯೂ ವಿಧಿಯಲ್ಲಿ ಒಂದು ಪುಟ್ಟ ಪದ ಇದೆ. ರಾಜ್ಯ ಶಾಸಕಾಂಗ ಈ ಅಧಿಕಾರಗಳನ್ನ ಪಾಲಿಕೆಗೆ "ಕೊಡಬಹುದು". ಕೊಡತಕ್ಕದ್ದು ಅಂತ ಇಲ್ಲ. ಆ "ಬಹುದು" ಅನ್ನೋದರೊಳಗೆ ಬಿಡಿಎ, ಜಲಮಂಡಳಿ ಎಲ್ಲ ಇದ್ದ ಹಾಗೇ ಕೂತವು.

ಒಂದು ಕಡೆ ಮಾತ್ರ ಸಂವಿಧಾನ ಕಟ್ಟುನಿಟ್ಟಾಗಿ ಮಾತಾಡಿದೆ. ಪಾಲಿಕೆಯ ಅವಧಿ ಐದು ವರ್ಷ, ಅದು ಮುಗಿಯೋದರ ಒಳಗೆ ಮುಂದಿನ ಚುನಾವಣೆ ಆಗಿರಬೇಕು. ಇಲ್ಲಿ "ಬಹುದು" ಇಲ್ಲ. ಇದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀವಿ.

ಈಗ 1999. ಐಟಿ ಬೂಮಿನ ಬೆಂಗಳೂರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿ. ಕಂಪನಿಗಳು ಬೆಳೀತಿವೆ, ರಸ್ತೆ, ಕಸ, ಕರೆಂಟು ಹಾಗೇ ಇವೆ. ಕೃಷ್ಣ ಅವರು ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ಮಾಡಿದರು, ಬಿಎಟಿಎಫ್. ಇನ್ಫೋಸಿಸ್‌ನ ನಂದನ್ ನಿಲೇಕಣಿ ಅದರ ಮುಖ್ಯಸ್ಥ. ಕಾರ್ಪೊರೇಷನ್, ಬಿಡಿಎ, ಜಲಮಂಡಳಿ, ವಿದ್ಯುತ್, ಬಸ್ಸು, ಟೆಲಿಫೋನ್, ಪೊಲೀಸ್ ಹೀಗೆ ಏಳು ಸಂಸ್ಥೆಗಳನ್ನ ಒಂದೇ ಮೇಜಿಗೆ ಕೂರಿಸೋದು ಅದರ ಉದ್ದೇಶ. ಮೇಯರ್‌ಗೆ ಯಾವತ್ತೂ ಸಾಧ್ಯವಾಗದ ಕೆಲಸ ಅದು.

ಹೇಗೆ ಮಾಡಿದರು? ಉಪಾಯ ಸರಳ. ಆರು ತಿಂಗಳಿಗೊಮ್ಮೆ ಸಾರ್ವಜನಿಕ ಸಮಾವೇಶ. ಪ್ರತಿ ಸಂಸ್ಥೆಯ ಮುಖ್ಯಸ್ಥ ವೇದಿಕೆ ಹತ್ತಿ, ಕಳೆದ ಸಲ ಏನು ಮಾಡ್ತೀವಿ ಅಂದಿದ್ದೆವು, ಎಷ್ಟು ಮಾಡಿದೆವು, ಮುಂದೆ ಏನು ಅಂತ ಹೇಳಬೇಕು. ಎದುರಿಗೆ ಜನ, ಪತ್ರಕರ್ತರು, ಮುಖ್ಯವಾಗಿ ಮುಖ್ಯಮಂತ್ರಿ. ಬಿಎಟಿಎಫ್‌ಗೆ ಕಾನೂನಿನ ಅಧಿಕಾರ ಏನೂ ಇರಲಿಲ್ಲ. ಆದರೆ ಮುಖ್ಯಮಂತ್ರಿ ಎದುರು ಮುಖ ಉಳಿಸಿಕೊಳ್ಳಬೇಕಲ್ಲ, ಅಷ್ಟೇ ಸಾಕಿತ್ತು.

ಒಳ್ಳೆಯ ಕೆಲಸ ಆಯಿತು. 2000ನೇ ಇಸವಿಯಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಪದ್ಧತಿ ಬಂತು. ಅದಕ್ಕೆ ಮೊದಲು ತೆರಿಗೆ ಎಷ್ಟು ಅಂತ ನಿರ್ಧರಿಸೋದು ಮನೆಗೆ ಬರೋ ಇನ್ಸ್‌ಪೆಕ್ಟರ್ ಮರ್ಜಿ. ಈಗ ನಿಮ್ಮ ಏರಿಯಾ ದರ, ಮನೆಯ ಅಳತೆ ನೋಡಿ ನೀವೇ ಲೆಕ್ಕ ಹಾಕಿ ಕಟ್ಟಬಹುದು. ಪಾಲಿಕೆಯ ಲೆಕ್ಕಪತ್ರವೂ ಹೊಸ ಪದ್ಧತಿಗೆ ಬಂತು. ಇನ್ಫೋಸಿಸ್ ಫೌಂಡೇಷನ್ ನೆರವಲ್ಲಿ ಸಾರ್ವಜನಿಕ ಶೌಚಾಲಯಗಳು ಎದ್ದವು.

ಆದ್ರೆ ಆ ಮೇಜಿನ ಸುತ್ತ ಕೂತವರನ್ನ ಇನ್ನೊಮ್ಮೆ ನೋಡಿ. ಅಧಿಕಾರಿಗಳು, ಉದ್ಯಮಿಗಳು, ತಜ್ಞರು. ಜನ ಆರಿಸಿದ ಕಾರ್ಪೊರೇಟರ್‌ಗಳು ಪಕ್ಕಕ್ಕೆ ಸರಿದಿದ್ದರು. ನಮ್ಮನ್ನ ಕೇಳೋರೇ ಇಲ್ಲ ಅನ್ನೋ ದೂರು ಅವರಿಂದ ಬಂತು. "ಅವರಿಂದ ಏನಾಗುತ್ತೆ ಬಿಡಿ" ಅನ್ನೋದು ಆ ಕಾಲದ ಮಧ್ಯಮ ವರ್ಗದ ಸಾಮಾನ್ಯ ಮಾತು. ನಿಮ್ಮ ಮನೆಯಲ್ಲೂ ಕೇಳಿರ್ತೀರಿ. ಸ್ಲಮ್ಮಿನ ಹೆಂಗಸು ನಲ್ಲಿ ನೀರು ಬಂದಿಲ್ಲ ಅಂತ ಯಾರ ಮನೆ ಬಾಗಿಲು ತಟ್ಟುತ್ತಾರೆ? ಟಾಸ್ಕ್ ಫೋರ್ಸ್ ಸದಸ್ಯರದ್ದಲ್ಲ, ಕಾರ್ಪೊರೇಟರದ್ದು. ಆ ಬಾಗಿಲಿನ ಬೆಲೆ ಸಮಾವೇಶದ ಸ್ಲೈಡುಗಳಲ್ಲಿ ಕಾಣಿಸೋದಿಲ್ಲ.

2004ರಲ್ಲಿ ಕೃಷ್ಣ ಸರ್ಕಾರ ಹೋಯಿತು, ಬಿಎಟಿಎಫ್ ಕೂಡ ಹೋಯಿತು. ಯಾರೂ ಅದನ್ನ ಅಧಿಕೃತವಾಗಿ ಕೊಲ್ಲಬೇಕಾಗಿಯೂ ಬರಲಿಲ್ಲ. ಸಾಲ ಕೊಟ್ಟವರು ಹೊರಟರು, ಸಾಲದ ಅಧಿಕಾರವೂ ಹೊರಟಿತು. ಆದರೆ ಸ್ವಯಂ ಘೋಷಣೆ ತೆರಿಗೆ ಉಳಿಯಿತು. ಮುಂದೆ ಲೆಕ್ಕದ ಸೂತ್ರ ಬದಲಾದರೂ ನಾವೇ ಘೋಷಿಸಿ ಕಟ್ಟೋ ರೂಢಿ ಇವತ್ತಿಗೂ ಇದೆ. ಕಾರಣ, ಅದು ಪಾಲಿಕೆಯ ದಿನನಿತ್ಯದ ನಿಯಮದೊಳಗೆ ಸೇರಿಬಿಟ್ಟಿತ್ತು. ಪ್ಲೇಗಿನ ಕಾಲದ ಓಣಿಯ ಹಾಗೆ.

2006ರ ಕೊನೆಯಿಂದ 2010ರವರೆಗೆ ಮತ್ತೆ ಚುನಾಯಿತ ಸಭೆ ಇಲ್ಲ. ಆ ನಡುವೆ 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಆಯಿತು. ಅಷ್ಟು ದೊಡ್ಡ ತೀರ್ಮಾನ ಆದಾಗ ಪಾಲಿಕೆಯಲ್ಲಿ ಕೇಳೋಕೆ ಒಬ್ಬ ಕಾರ್ಪೊರೇಟರೂ ಇರಲಿಲ್ಲ.

ಇನ್ನು ಕಸದ ಕಥೆ. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸೋ ಭಾಗ.

ಬೆಂಗಳೂರು ತನ್ನ ಕಸವನ್ನ ಊರ ಹೊರಗೆ, ಮಾವಳ್ಳಿಪುರ, ಮಂಡೂರು ಅನ್ನೋ ಹಳ್ಳಿಗಳ ಪಕ್ಕ ಸುರೀತಿತ್ತು. ಆ ಹಳ್ಳಿಗಳು ಬೆಂಗಳೂರಿನ ಗಡಿಯೊಳಗಿಲ್ಲ. ಅಲ್ಲಿನವರು ಬೆಂಗಳೂರು ಮೇಯರನ್ನ ಆರಿಸೋದಿಲ್ಲ. ಅವರ ಗ್ರಾಮ ಪಂಚಾಯ್ತಿಗೆ ಪಾಲಿಕೆ ಲಾರಿ ನಿಲ್ಲಿಸೋ ಶಕ್ತಿ ಇಲ್ಲ. ಬೋರ್‌ವೆಲ್ ನೀರು ಕೆಟ್ಟಿತು, ನೊಣ, ವಾಸನೆ, ಕಾಯಿಲೆ. ಕೊನೆಗೆ ಜನ ರಸ್ತೆಗಿಳಿದು ಲಾರಿ ತಡೆದರು. 2012ರಲ್ಲಿ ಮಾವಳ್ಳಿಪುರ ಬಂದ್ ಆಯಿತು. ಕೆಲವೇ ದಿನದಲ್ಲಿ ಗಾರ್ಡನ್ ಸಿಟಿಯ ಮೂಲೆಮೂಲೆಯಲ್ಲಿ ಕಸದ ಗುಡ್ಡ. "ಗಾರ್ಬೇಜ್ ಸಿಟಿ" ಅನ್ನೋ ಹೆಸರು ದೇಶವಿದೇಶದ ಪತ್ರಿಕೆಗಳಲ್ಲಿ ಬಂತು. ಒಂದು ನಗರಕ್ಕೆ ತನ್ನ ಕಸದ ಬಗ್ಗೆ ಯೋಚಿಸೋ ಹಾಗೆ ಮಾಡಿದ್ದು ವೋಟೇ ಇಲ್ಲದ ಪಕ್ಕದ ಹಳ್ಳಿಯವರು.

ಪಾಲಿಕೆಗೆ ದಾರಿ ಕಾಣಲಿಲ್ಲ. ಆಗ ಕೈ ಸೇರಿಸಿದವರು ಯಾರು? ಘನತ್ಯಾಜ್ಯ ನಿರ್ವಹಣೆ ಬಗ್ಗೆ 2009ರಿಂದಲೇ ಕೆಲಸ ಮಾಡ್ತಿದ್ದ ನಾಗರಿಕರ ದುಂಡುಮೇಜಿನ ಗುಂಪು ಒಂದಿತ್ತು, ಎಸ್‌ಡಬ್ಲ್ಯೂಎಂಆರ್‌ಟಿ ಅಂತ. ಅದರಲ್ಲಿ ಹೆಚ್ಚಿನವರು ಹೆಂಗಸರು, ತಮ್ಮ ಅಪಾರ್ಟ್‌ಮೆಂಟಿನಲ್ಲೇ ಕಸ ಬೇರ್ಪಡಿಸಿ ಗೊಬ್ಬರ ಮಾಡಿ ಕಲಿತವರು. ಇನ್ನೊಂದು ಕಡೆ ಹಸಿರು ದಳ, ಚಿಂದಿ ಆಯುವವರ ಸಂಘಟನೆ. ಮೂರನೆಯದು ಹೈಕೋರ್ಟ್. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ 2012ರ ನವೆಂಬರ್ 22ರಂದು ಕೋರ್ಟ್, ಮನೆಯಲ್ಲೇ ಕಸ ಬೇರ್ಪಡಿಸೋದು ಕಡ್ಡಾಯ ಅಂತ ಆದೇಶ ಕೊಟ್ಟಿತು. ಇವತ್ತು ನಿಮ್ಮಮ್ಮ "ಹಸಿ ಕಸಕ್ಕೆ ಪ್ಲಾಸ್ಟಿಕ್ ಹಾಕಬೇಡ" ಅಂತ ಬೈತಾರಲ್ಲ, ಅದರ ಹಿಂದೆ ಆ ಆದೇಶ ಇದೆ.

ಇದರಲ್ಲಿ ಚಿಂದಿ ಆಯುವವರ ಪಾಲು ಬೇರೆಯೇ ತೂಕದ್ದು. ತಲೆಮಾರುಗಳಿಂದ ಊರಿನ ಒಣ ಕಸ ಆರಿಸಿ ಮಾರುತ್ತಿದ್ದವರು ಅವರು. ಕಾಗದ, ಪ್ಲಾಸ್ಟಿಕ್, ತಗಡು, ಗಾಜು ಯಾವುದು ಎಲ್ಲಿ ಎಷ್ಟಕ್ಕೆ ಹೋಗುತ್ತೆ ಅನ್ನೋದು ಪಾಲಿಕೆಯ ಯಾವ ಎಂಜಿನಿಯರ್‌ಗಿಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಬೆಳಗಿನ ಜಾವ ಚೀಲ ಹಿಡಿದು ನಡೆದರೆ ಕಳ್ಳರು ಅಂತ ಹಿಡಿಯೋರು. ಪಾಲಿಕೆ ಅವರಿಗೆ ಗುರುತಿನ ಚೀಟಿ ಕೊಟ್ಟಿತು. ದೇಶದಲ್ಲೇ ಹೀಗೆ ಮಾಡಿದ ಮೊದಮೊದಲ ಪಾಲಿಕೆಗಳಲ್ಲಿ ಬೆಂಗಳೂರು ಒಂದು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹ ಕೇಂದ್ರಗಳು ಬಂದವು, ಹಲವನ್ನ ನಡೆಸೋ ಹೊಣೆ ಅವರಿಗೇ ಸಿಕ್ಕಿತು.

ಆಗ ಚುನಾಯಿತ ಸಭೆ ಇತ್ತು ಅನ್ನೋದನ್ನ ಮರೆಯಬೇಡಿ. ಕಾರ್ಪೊರೇಟರ್‌ಗಳೆಲ್ಲ ದೇವರಂಥವರು ಅಂತ ನಾನು ಹೇಳ್ತಿಲ್ಲ. ಕಸದ ಗುತ್ತಿಗೆದಾರರ ಜೊತೆ ಸೇರಿಕೊಂಡ ಆರೋಪ ಹೊತ್ತವರು ಇದ್ದರು. ಆದರೆ ವಾರ್ಡಿನಲ್ಲಿ ಕೇಂದ್ರಕ್ಕೆ ಜಾಗ ಬೇಕು, ಅಕ್ಕಪಕ್ಕದ ಮನೆಯವರು ಬೇಡ ಅಂತಾರೆ ಅನ್ನೋವಾಗ ಹೋಗಿ ಜಗಳ ಆಡೋಕೆ ಒಬ್ಬ ಮನುಷ್ಯ ಇದ್ದರು. ಐದು ವರ್ಷಕ್ಕೊಮ್ಮೆ ಸೋಲಿಸಬಹುದಾದ ಮನುಷ್ಯ. ಮಂಡೂರಿನವರ ಹೋರಾಟಕ್ಕೆ ಮಣಿದು 2014ರ ಡಿಸೆಂಬರ್‌ನಿಂದ ಅಲ್ಲಿ ಕಸ ಸುರಿಯೋದನ್ನ ನಿಲ್ಲಿಸಿದರು. ಕಸದ ಸಮಸ್ಯೆ ಮುಗಿಯಲಿಲ್ಲ, ಬೇರೆ ಹಳ್ಳಿ, ಬೇರೆ ಕ್ವಾರಿಗೆ ಹೋಯಿತು. ಆದರೂ ಮನೆಮನೆಯ ಎರಡು ಡಬ್ಬ ಉಳಿಯಿತು, ಗುರುತಿನ ಚೀಟಿ ಉಳಿಯಿತು.

2020ರ ಸೆಪ್ಟೆಂಬರ್ 10. ಬಿಬಿಎಂಪಿ ಸಭೆಯ ಅವಧಿ ಮುಗಿಯಿತು. ಸಂವಿಧಾನದ ಆ ಕಟ್ಟುನಿಟ್ಟಿನ ಮಾತು ನೆನಪಿದೆಯಲ್ಲ? ಅಷ್ಟರೊಳಗೆ ಚುನಾವಣೆ ಆಗಿರಬೇಕಿತ್ತು. ವಾರ್ಡ್ ಸಂಖ್ಯೆ 198ರಿಂದ 243 ಮಾಡ್ತೀವಿ ಅಂದರು, ಆಮೇಲೆ 225 ಅಂದರು. ವಿಂಗಡಣೆ, ಮೀಸಲಾತಿ, ಕೋರ್ಟು. ಆಗ ಬಿಜೆಪಿ ಸರ್ಕಾರ, 2023ರಿಂದ ಕಾಂಗ್ರೆಸ್ ಸರ್ಕಾರ. ಪಕ್ಷ ಬದಲಾಯಿತು, ಸಭೆ ಖಾಲಿ ಇರೋದು ಬದಲಾಗಲಿಲ್ಲ. ಕಾರ್ಪೊರೇಟರ್ ಇಲ್ಲದಿದ್ದರೆ ವಾರ್ಡಿನ ಕೆಲಸದಲ್ಲೂ ಎಂಎಲ್ಎ ಮಾತೇ ನಡೆಯುತ್ತೆ, ಹಾಗಾಗಿ ಅವಸರ ಯಾರಿಗಿರುತ್ತೆ?

2021ರ ಏಪ್ರಿಲ್, ಮೇ. ಕೋವಿಡ್ ಎರಡನೇ ಅಲೆ. ಎಂಟು ವಲಯಕ್ಕೆ ಎಂಟು ವಾರ್ ರೂಮ್. ಹಾಸಿಗೆ ಇಲ್ಲ, ಆಕ್ಸಿಜನ್ ಇಲ್ಲ, ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು. ನಿಮ್ಮಲ್ಲಿ ಎಷ್ಟೋ ಜನ ಆಗ ಕಾಲೇಜಿನಲ್ಲಿದ್ದಿರಿ. ರಾತ್ರಿಯೆಲ್ಲ ಎಚ್ಚರ ಇದ್ದು ಗೂಗಲ್ ಶೀಟಿನಲ್ಲಿ ನಂಬರ್ ಪರಿಶೀಲಿಸಿ, ಗುರುತಿಲ್ಲದವರಿಗೆ ಬೆಡ್ ಹುಡುಕಿ ಕೊಟ್ಟಿರಿ. ಅದು ಈ ಊರಿನ ಹಳೆಯ ರೂಢಿ, 1898ರ ಟೆಲಿಫೋನ್ ತಂತಿಯ ಕಾಲದ್ದು. ಆದರೆ ಒಂದು ವ್ಯತ್ಯಾಸ ಇತ್ತು. 1898ರಲ್ಲಿ, ಸ್ಥಿತಿವಂತರು ಮಾತ್ರ ಆರಿಸಿದ್ದಾದರೂ, ಪೇಟೆಯ ಪುರಸಭೆಯಲ್ಲಿ ಕೂತು ಪ್ರಶ್ನೆ ಕೇಳೋಕೆ ಕೆಲವು ಜನ ಇದ್ದರು. 2021ರಲ್ಲಿ, ಒಂದು ಕೋಟಿಗೂ ಹೆಚ್ಚು ಜನರಿರೋ ಊರಲ್ಲಿ, 198 ವಾರ್ಡುಗಳಲ್ಲಿ, ಒಬ್ಬರೂ ಇರಲಿಲ್ಲ. ಗೂಗಲ್ ಶೀಟ್ ಮಾಡಿದವರಿಗೆ ಆಸ್ಪತ್ರೆಯನ್ನ ಪ್ರಶ್ನಿಸೋ ಅಧಿಕಾರ ಇರಲಿಲ್ಲ. ಅಲೆ ಇಳಿದ ಮೇಲೆ ಆ ಶೀಟುಗಳು ಅಲ್ಲಲ್ಲೇ ನಿಂತವು. ಪಾಲಿಕೆ ನಿಯಮದೊಳಗೆ ಸೇರಿಸಿಕೊಳ್ಳೋರು ಯಾರು?

2022ರ ಮಾರ್ಚ್ 31ರಂದು 10 ಸಾವಿರ ಕೋಟಿಗೂ ಮೀರಿದ ಪಾಲಿಕೆ ಬಜೆಟ್ ತಡರಾತ್ರಿ ವೆಬ್‌ಸೈಟಿನಲ್ಲಿ ಕಾಣಿಸಿಕೊಂಡಿತು. ಅದನ್ನ ಚರ್ಚೆ ಮಾಡೋಕೆ ಸಭೆ ಇದ್ದರೆ ತಾನೇ ಹಗಲಲ್ಲಿ ಮಂಡಿಸೋದು.

ಈಗ ಬಿಬಿಎಂಪಿಯೂ ಇಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು, 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಒಟ್ಟು 369 ವಾರ್ಡ್. ಮೇಯರ್ ಅವಧಿ ಒಂದು ವರ್ಷದ ಬದಲು 30 ತಿಂಗಳು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ವಾರ್ಡ್ ಚಿಕ್ಕದಾದಷ್ಟು ಕಾರ್ಪೊರೇಟರ್ ಕೈಗೆ ಸಿಗ್ತಾರೆ ಅನ್ನೋದೂ ಸರಿ. ಐದರ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಬಿಎಟಿಎಫ್ ಹಾಗೆ ಎಲ್ಲ ಸಂಸ್ಥೆಗಳನ್ನ ಒಂದು ಮೇಜಿಗೆ ತರೋ ಪ್ರಯತ್ನ, ಈ ಸಲ ಕಾನೂನಿನ ಬಲದಲ್ಲಿ. ಆ ಮೇಜಿನ ಅಧ್ಯಕ್ಷರು ಮೇಯರ್ ಅಲ್ಲ, ಮುಖ್ಯಮಂತ್ರಿ. ಐದು ಪಾಲಿಕೆ ಹುಟ್ಟಿದ ದಿನ ಐದರಲ್ಲೂ ಚುನಾಯಿತ ಸದಸ್ಯರ ಸಂಖ್ಯೆ ಸೊನ್ನೆ.

ಎನ್.ಆರ್. ಚೌಕದ ಪಾಲಿಕೆ ಆವರಣದಲ್ಲಿ ಕೆಂಪೇಗೌಡ ಪೌರಸಭಾಂಗಣ ಅಂತ ಒಂದು ಕಟ್ಟಡ ಇದೆ. ಕಾರ್ಪೊರೇಟರ್‌ಗಳು ಕೂರೋ ಸಭಾಂಗಣ. ಟೌನ್ ಹಾಲ್ ಕಡೆ ಹೋದಾಗ ಒಮ್ಮೆ ಅತ್ತ ನೋಡಿ. ಹಾಗೇ ಹೊಸ 369ರಲ್ಲಿ ನಿಮ್ಮ ವಾರ್ಡ್ ಯಾವುದು, ಅದು ಯಾವ ಪಾಲಿಕೆಗೆ ಸೇರಿದೆ, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯಾ ಅಂತಾನೂ ನೋಡಿಟ್ಟುಕೊಳ್ಳಿ.

ಮುಂದಿನ ಸಂಚಿಕೆಯಲ್ಲಿ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿಗೆ ಹೋಗೋಣ. ಅಲ್ಲಿ ಮೊದಲು ಧರ್ಮಾಂಬುಧಿ ಕೆರೆ ಇತ್ತು. ಕೆರೆ ಹೇಗೆ ಬಸ್ ನಿಲ್ದಾಣ ಆಯಿತು ಅನ್ನೋ ಕಥೆ ಹೇಳ್ತೀನಿ.